ಅವರ ಎಲೆಗೆ ಚಿಲ್ಲಿ ಚಿಕನ್

28 ಆಗಸ್ಟ್ 2002, ಬುಧವಾರ

ಇವತ್ತೂ ಸಾರಿಗೆ ಉಪ್ಪು ಮರೆತೆ. ಮಗಳು ದೀಪಾ ಎರಡು ತುತ್ತು ತಿಂದು ನನ್ನ ಮುಖ ನೋಡಿದಳು. ಏನೂ ಹೇಳದೆ ಉಪ್ಪಿನ ಡಬ್ಬಿ ಎಳೆದುಕೊಂಡಳು. ಮೊನ್ನೆ ಎರಡು ಸಲ ಹಾಕಿದ್ದೆ. ಎಂಟನೇ ಕ್ಲಾಸಿನ ಹುಡುಗಿ, ಇಷ್ಟು ಬೇಗ ಇಷ್ಟು ಸುಮ್ಮನಿರುವುದನ್ನು ಕಲಿಯಬಾರದಿತ್ತು.

ಅವರು ಹೋದ ಮೇಲೆ ಅಡುಗೆ ಮಾಡುವಾಗ ರುಚಿ ನೋಡುವುದೇ ಬಿಟ್ಟುಹೋಗಿದೆ. ನೋಡಿದರೂ ಗೊತ್ತಾಗುವುದಿಲ್ಲ. ನಾಲಿಗೆಗೆ ಎಲ್ಲ ಒಂದೇ — ಬಿಸಿನೀರು ಕುಡಿದ ಹಾಗೆ.

ಅತ್ತೆ ಬೈಯುವುದಿಲ್ಲ. "ಮೇಲಿಂದ ಹಾಕ್ಕಂಡ್ರೂ ಉಪ್ಪು ಉಪ್ಪೇ ಅಲ್ದಾ" ಅಂದರು. ಕಳೆದುಕೊಂಡಿದ್ದು ನನಗೆ ಗಂಡ, ಅವರಿಗೆ ಮಗ. ಒಂದೇ ಮನುಷ್ಯ.

ಮಧ್ಯಾಹ್ನ ಅವರು ಓಡಿಸುತ್ತಿದ್ದ ಜೀಪು ಹೋಯಿತು. ಈಗ ಭಾವನ ಮಗ ಅಭಿಷೇಕ್ ಓಡಿಸುತ್ತಾನೆ. ಅದೇ ಕಳಸ–ಸಂಸೆ–ಕುದುರೆಮುಖ ಲೈನು, ಅದೇ ಹಾರ್ನು. ಕೇಳಿದ ಕೂಡಲೇ ಕಾಫಿಗೆ ನೀರಿಡಲು ಕೈ ಹೋಗುತ್ತದೆ. ಇವತ್ತೂ ಹೋಯಿತು. ಇಟ್ಟಿದ್ದು ಇಟ್ಟಾಯ್ತು ಅಂತ ನಾನೇ ಕುಡಿದೆ.

1 ಸೆಪ್ಟೆಂಬರ್, ಭಾನುವಾರ

ಅತ್ತೆ ಬೀನ್ಸ್ ಮುರಿಯುತ್ತಾ ಮಾಲಯದ ಮಾತು ತೆಗೆದರು. ದೀಪಾಳ ಅಪ್ಪನ ವರ್ಷದ ಕಾರ್ಯ ಆಷಾಢದಲ್ಲಿ ಮುಗಿಯಿತಲ್ಲ. ಹಾಗಾಗಿ ಈ ಸಲದ ಅಮಾವಾಸ್ಯೆಗೆ ಹಿರಿಯರ ಸಾಲಿನಲ್ಲಿ ಅವರಿಗೂ ಒಂದು ಎಲೆ. ಮೊದಲನೇ ಎಡೆ.

ನಮ್ಮಲ್ಲಿ ಯಾರಿಗೆ ಏನು ಪ್ರೀತಿಯೋ ಅದನ್ನೇ ಎಲೆಗೆ ಹಾಕುವುದು. ಮಾವನಿಗೆ ಒಣಮೀನು, ಒಂದು ಲೋಟ ಸಾರಾಯಿ. ಅಜ್ಜಿಗೆ ಹೋಳಿಗೆ, ಪಕ್ಕದಲ್ಲಿ ನಶ್ಯದ ಡಬ್ಬಿ.

"ಶಶಿಗೆ ಕಡುಬು, ಕೋಳಿ ಸಾರು. ಮತ್ತೆಂತ?" ಅತ್ತೆ ಕೇಳಿದರು.

"ಚಿಲ್ಲಿ ಚಿಕನ್" ಅಂದೆ. ಹೇಳಬೇಕು ಅಂತ ಹೇಳಿದ್ದಲ್ಲ. ಬಂದುಬಿಟ್ಟಿತು.

"ಅದೆಂತದು?"

"ಕಳಸದಲ್ಲಿ ಉಬೈದ್ ಗಾಡಿ ಇಟ್ಟಿದಾನಲ್ಲ, ಬಸ್‌ಸ್ಟ್ಯಾಂಡ್ ಹತ್ರ. ಅಲ್ಲಿ ಮಾಡ್ತಾನೆ. ಚೈನೀಸು."

"ಚೈನಾದವ್ರದ್ದಾ? ನನ್ನ ಮಗ ಅದನ್ನ ಯಾವತ್ತು ತಿಂದ?"

"ಶನಿವಾರ ಶನಿವಾರ, ಅತ್ತೆ."

"ಸುಳ್ಳು. ಶನಿವಾರ ಮನೇಲಿ ಉಣ್ತಿದ್ದ. ನಾನೇ ಬಡಿಸ್ತಿದ್ದೆ."

"ಉಣ್ಣದಿದ್ರೆ ನಿಮಗೆ ಬೇಜಾರಾಗ್ತದೆ ಅಂತ ಮತ್ತೊಂದ್ಸಲ ಉಣ್ತಿದ್ರು."

ಹೇಳಬಾರದಿತ್ತು. ಅತ್ತೆ ಬೀನ್ಸ್ ಮುರಿಯುವುದನ್ನು ನಿಲ್ಲಿಸಿದರು. ಆಮೇಲೆ ಮತ್ತೆ ಶುರು ಮಾಡಿದರು, ಸ್ವಲ್ಪ ಜೋರಾಗಿ.

ನನಗೆ ಅಂಗಿಯ ವಾಸನೆಯಲ್ಲೇ ಗೊತ್ತಾಗುತ್ತಿತ್ತು. ಬೆಳ್ಳುಳ್ಳಿ, ಹೊಗೆ, ಡೀಸೆಲ್ಲು. ಎರಡು ಸಲ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಜೀಪಿನ ಬಾನೆಟ್ ಮೇಲೆ ಪ್ಲೇಟ್ ಇಟ್ಟು, ಒಂದು ತುಂಡಿಗೆ ಕಡ್ಡಿ ಚುಚ್ಚಿ, ಊದಿ ನನಗೆ ಕೊಟ್ಟರು. ಜನ ನೋಡ್ತಾರೆ ಅಂದೆ. "ನೋಡ್ಲಿ ಮಾರಾಯ್ತಿ, ಹೆಂಡ್ತಿಗೆ ಕೊಟ್ಟಿದ್ದು, ಕದ್ದಿದ್ದಲ್ಲ" ಅಂದರು. ಬಾನೆಟ್ ಬಿಸಿಯಿತ್ತು. ಅಷ್ಟು ಖಾರ ಯಾವತ್ತೂ ತಿಂದಿರಲಿಲ್ಲ.

5 ಸೆಪ್ಟೆಂಬರ್, ಗುರುವಾರ

ಚಿಕ್ಕಮಾವ ಬಂದಿದ್ದರು. ಗುರುವಯ್ಯ, ನಮ್ಮ ಮಾವನ ತಮ್ಮ. ಎಡೆ ಹಾಕಿ ಪೂಜೆ ಮಾಡುವುದು ಅವರೇ. ಅತ್ತೆ ಮಾತಿನ ನಡುವೆ ನನ್ನ ಚಿಲ್ಲಿ ಚಿಕನ್ ವಿಷಯ ಎತ್ತಿಬಿಟ್ಟರು. ನಗಿಸಲು ಹೇಳಿದರೋ, ಬೈಸಲು ಹೇಳಿದರೋ ಗೊತ್ತಾಗಲಿಲ್ಲ.

"ಹೋಟ್ಲಿಂದ ತಂದದ್ದು ಎಲೆಗೆ ಬರದಿಲ್ಲ ಜಲಜಾ" ಅಂದರು ಚಿಕ್ಕಮಾವ. "ಮನೆ ಒಲೇಲಿ ಬೆಂದಿರ್ಬೇಕು. ಮನೆಯವ್ರ ಕೈಯಾಗಿರ್ಬೇಕು. ಎಡೆ ಆಗೋತನಕ ಯಾರೂ ರುಚಿ ನೋಡಿರ್ಬಾರ್ದು. ಎಂಜಲಾಗ್ತದೆ."

"ಮನೇಲೇ ಮಾಡ್ತೀನಿ ಚಿಕ್ಕಮಾವ."

"ನಿಂಗೆ ಬರ್ತದಾ?"

"ಕಲೀತೀನಿ."

"ರುಚಿ ನೋಡ್ದೆ?" ಅವರು ನಕ್ಕರು. "ಅತ್ತಿಗೆ, ನಿಮ್ಮ ಸೊಸೆ ಈ ಸಲ ಹಿರೀಕರನ್ನ ಓಡಿಸ್ತಾಳೆ ನೋಡಿ."

ನಾನು ಒಳಗೆ ಬಂದೆ. ರುಚಿ ನೋಡದೆ ಮಾಡುವುದು ನನಗೇನು ಹೊಸದಲ್ಲ. ಒಂದು ವರ್ಷದಿಂದ ಮಾಡುತ್ತಿರುವುದು ಅದೇ. ಸರಿಯಾಗಿ ಮಾಡುವುದು ಬೇರೆ.

ಆದರೆ ಮಾಡಲೇಬೇಕು ಅನ್ನಿಸುತ್ತಿದೆ. ಅವರಿಗೆ ಅಂತ ನಾನು ಮಾಡಬಹುದಾದದ್ದು ಇನ್ನೇನು ಉಳಿದಿದೆ?

8 ಸೆಪ್ಟೆಂಬರ್, ಭಾನುವಾರ

ಮಾಡಿದೆ. ಬರೆಯಲು ನಾಚಿಕೆ.

ಅಭಿಷೇಕ್ ಕುದುರೆಮುಖದ ಕಾಲೊನಿಯ ಅಂಗಡಿಯಿಂದ ಸಾಸ್ ಬಾಟಲಿ ತಂದುಕೊಟ್ಟಿದ್ದ. ಒಂದು ಕೆಂಪು, ಒಂದು ಕಪ್ಪು. ಕಪ್ಪನ್ನು ನೋಡಿದರೆ ಥೇಟ್ ನಮ್ಮ ಉಪ್ಪಾಗೆ ಹುಳಿ. ಹಣ್ಣಿನ ರಸ ಕಾಯಿಸಿ ಕಾಯಿಸಿ ಇಡುತ್ತೇವಲ್ಲ, ಅದೇ ಬಣ್ಣ, ಹಾಗೇ ಸುರಿಯುತ್ತದೆ. ಹುಳಿಯೇ ಇರಬೇಕು ಅಂದುಕೊಂಡೆ. ಹಂದಿ ಮಾಂಸಕ್ಕೆ ಹಾಕುವ ಹಾಗೆ ಒಂದು ಸೌಟು ಹಾಕಿದೆ. ಉಪ್ಪು ಬೇರೆ ಹಾಕಿದೆ, ಸಾರಿಗೆ ಹಾಕುವಷ್ಟು. ಕೋಳಿ — ಮನೆಯ ದೊಡ್ಡ ಹುಂಜ. ಹುರಿದೆ, ಹುರಿದೆ. ಬೇಯಲಿಲ್ಲ. ನೀರು ಹಾಕಿದೆ. ಸಾರಾಯಿತು.

ದೀಪಾ ಒಂದು ತುಂಡು ಬಾಯಿಗೆ ಹಾಕಿ ಕೊಟ್ಟಿಗೆಯ ಕಡೆ ಓಡಿದಳು.

ಅತ್ತೆ ಜಗಿದರು. ಜಗಿಯುತ್ತಲೇ ಇದ್ದರು. "ಜಲಜಾ, ಇದು ಕೋಳಿನೋ, ಶಶಿ ಜೀಪಿನ ಟಯರೋ?"

"ಕಪ್ಪು ಬಾಟ್ಲಿ ಹುಳಿ ಅಂದ್ಕಂಡೆ ಅತ್ತೆ."

"ಉಪ್ಪಿನ ನೀರದು. ಸಮುದ್ರ." ಬಾಟಲಿಯ ಬಾಯಿಗೆ ಬೆರಳಿಟ್ಟು ನೆಕ್ಕಿ ನೋಡಿದರು. "ಇದನ್ನ ನನ್ನ ಮಗ ವಾರವಾರ ತಿಂತಿದ್ನಾ?"

ನನಗೆ ಉಪ್ಪು ಗೊತ್ತಾಗಿರಲಿಲ್ಲ. ಅದನ್ನು ಅವರಿಗೆ ಹೇಳಲಿಲ್ಲ.

9 ಸೆಪ್ಟೆಂಬರ್

ಉಳಿದಿದ್ದು ನಾಯಿ ಮೋತಿಗೆ ಹಾಕಿದ್ದೆ. ಮೂಸಿ, ನನ್ನನ್ನು ನೋಡಿ, ಹೋಗಿ ಮಲಗಿತು.

17 ಸೆಪ್ಟೆಂಬರ್, ಮಂಗಳವಾರ

ಗೌರಿ ಗಣೇಶ ಕಳೆಯಿತು. ಅತ್ತೆಯ ಮಂಡಿನೋವಿನ ಮಾತ್ರೆ ಮುಗಿದಿತ್ತು. ಕಳಸಕ್ಕೆ ಹೋಗಿದ್ದೆ.

ಗಾಡಿ ಅಲ್ಲೇ ಇತ್ತು. ಹಗಲು ಹೊತ್ತು, ನೀಲಿ ಟಾರ್ಪಾಲು ಮುಚ್ಚಿತ್ತು. ಉಬೈದ್ ಕೆಳಗೆ ಕೂತು ಎಲೆಕೋಸು ಹೆಚ್ಚುತ್ತಿದ್ದ. ಅವರಿಗಿಂತ ಏಳೆಂಟು ವರ್ಷ ಚಿಕ್ಕವನು. ಕಾರ್ಯಕ್ಕೆ ಬಂದು ಅಂಗಳದಲ್ಲೇ ನಿಂತು ಹೋಗಿದ್ದ. ನಾನು ಮೆಡಿಕಲ್ ಶಾಪಿನ ಹತ್ತಿರ ನಿಂತಿದ್ದೆ. ಹೋಗಲೋ ಬೇಡವೋ ಅಂತ. ಅವನೇ ನೋಡಿ ಚಾಕು ಕೆಳಗಿಟ್ಟು ಎದ್ದ.

"ಅತ್ತಿಗೆ! ಬಿಸಿಲಲ್ಲಿ ಎಂತಕ್ಕೆ ನಿಂತ್ರಿ? ಬನ್ನಿ."

ವಿಷಯ ಹೇಳಿದೆ. ಎಡೆ, ಎಲೆ, ರುಚಿ ನೋಡಬಾರದು ಅನ್ನುವುದು, ಕಪ್ಪು ಬಾಟಲಿ. ಅವನು ನಗಲಿಲ್ಲ. ಟಾರ್ಪಾಲಿನ ಮಡಿಕೆಯಲ್ಲಿ ನಿಂತಿದ್ದ ನೀರನ್ನು ಕೈಯಿಂದ ತಳ್ಳಿದ.

"ಶಶಿಯಣ್ಣ ಬರ್ದೆ ಇರೋ ಶನಿವಾರ ನಂಗೂ ಲೆಕ್ಕ ತಪ್ತದೆ ಅತ್ತಿಗೆ. ಒಂದು ಪ್ಲೇಟು ಜಾಸ್ತಿ ಹೆಚ್ಚಿಟ್ಟಿರ್ತೀನಿ." ಆಮೇಲೆ, "ಬಾಯಲ್ಲಿ ಹೇಳಿದ್ರೆ ಬರದಿಲ್ಲ ಇದು. ನಾಳಿದ್ದು ಮನೆಗೇ ಬರ್ತೀನಿ. ಅಮ್ಮ ಬೈತಾರಾ?"

"ಬೈಯ್ಯಲ್ಲ. ಮಾತಾಡ್ತಾರೆ."

"ಅದು ಬೈಗುಳಕ್ಕಿಂತ ಜೋರು" ಅಂದ.

19 ಸೆಪ್ಟೆಂಬರ್, ಗುರುವಾರ

ಉಬೈದ್ ಬಂದಿದ್ದ. ಅವನ ಕಬ್ಬಿಣದ ಬಾಂಡ್ಲಿಯನ್ನೇ ಜೀಪಿನಲ್ಲಿ ಹಾಕಿಕೊಂಡು ಬಂದ. ಫಾರಂ ಕೋಳಿ, ಮೂಳೆ ತೆಗೆಸಿದ್ದು. ಕಾರ್ನ್‌ಫ್ಲೋರು, ದೊಣ್ಣೆಮೆಣಸಿನಕಾಯಿ, ಈರುಳ್ಳಿ ಸೊಪ್ಪು.

ಗ್ಯಾಸ್ ನೋಡಿ ತಲೆ ಆಡಿಸಿದ. "ಈ ಉರೀಲಿ ಹಾಲು ಕಾಯಿಸ್ಬಹುದು ಅಷ್ಟೆ." ಬಚ್ಚಲ ಒಲೆಯೇ ಆಗಬೇಕಾಯಿತು. ಕಾಫಿ ಗಿಡದ ಒಣಗಿದ ಸೌದೆ ಹಾಕಿದೆ. ಉರಿ ಬಾಂಡ್ಲಿಯ ಅಂಚು ದಾಟಿ ಮೇಲೆ ಬಂತು. ಅವನಿಗೆ ಖುಷಿ. "ಇದು! ಇದು ಬೇಕು. ಇದು ಬೇಯಿಸೋ ಅಡುಗೆ ಅಲ್ಲ ಅತ್ತಿಗೆ, ಹೆದರಿಸೋ ಅಡುಗೆ."

ಅತ್ತೆ ಬಾಗಿಲ ಹತ್ತಿರ ಮಣೆ ಹಾಕಿಕೊಂಡು ಕೂತಿದ್ದರು. ನೋಡುವುದಿಲ್ಲ ಅಂತ ಹೇಳಿಯೇ ನೋಡುತ್ತಿದ್ದರು.

ತುಂಡುಗಳಿಗೆ ಮೊಟ್ಟೆ, ಕಾರ್ನ್‌ಫ್ಲೋರು, ಶುಂಠಿ ಬೆಳ್ಳುಳ್ಳಿ, ಕಾಳುಮೆಣಸು, ಒಂದು ಚಿಟಿಕೆ ಉಪ್ಪು. ಮೊದಲು ಎಣ್ಣೆಯಲ್ಲಿ ಕರಿಯುವುದು, ಎತ್ತಿಡುವುದು. ಆಮೇಲೆ ಬಾಂಡ್ಲಿ ಹೊಗೆಯಾಡುವ ತನಕ ಕಾಯುವುದು. ಬೆಳ್ಳುಳ್ಳಿ, ಮೆಣಸಿನಕಾಯಿ, ಈರುಳ್ಳಿ, ದೊಣ್ಣೆಮೆಣಸು — ಕೈ ನಿಲ್ಲಬಾರದು. ಕೋಳಿ. ಕಪ್ಪು ಸಾಸನ್ನು ಮೇಲೆ ಸುರಿಯುವುದಲ್ಲ. ಬಾಂಡ್ಲಿಯ ಅಂಚಿಗೆ ಬಿಡುವುದು, ಅದು ಚೊರ್ ಅಂತ ಸುಟ್ಟು ಕೆಳಗೆ ಇಳಿಯಬೇಕು. ಕೆಂಪು ಒಂದು ಚಮಚ. ವಿನೆಗರ್ ನಾಲ್ಕು ತೊಟ್ಟು. ಎತ್ತಿ ಹಾರಿಸಿ, ಎತ್ತಿ ಹಾರಿಸಿ. ಮುಗಿಯಿತು.

"ಆಯ್ತಾ?" ಅತ್ತೆ.

"ಆಯ್ತಮ್ಮ."

"ಇಷ್ಟೇಯಾ? ನಾನು ಎಲೆಅಡಿಕೆ ಬಾಯಿಗೆ ಹಾಕೋದ್ರೊಳಗೆ ಆಯ್ತಲ್ಲ. ನನ್ನ ಸಾರು ಬೆಳಿಗ್ಗೆಯಿಂದ ಕುದೀತದೆ."

"ಅದಕ್ಕೇ ಅಮ್ಮ, ನಿಮ್ಮ ಸಾರು ಉಣ್ಣಕ್ಕೆ ಶಶಿಯಣ್ಣ ಹೊಟ್ಟೇಲಿ ಜಾಗ ಇಟ್ಕಂಡೇ ಹೋಗ್ತಿದ್ರು. ಅರ್ಧ ಪ್ಲೇಟು ಸಾಕು ಮಾರಾಯ, ಮನೇಲಿ ನಮ್ಮಮ್ಮ ಕಾಯ್ತಿರ್ತದೆ, ಅಂತಿದ್ರು."

ಅತ್ತೆ ಮಣೆಯನ್ನು ಒಲೆಯ ಕಡೆಗೆ ಸ್ವಲ್ಪ ಎಳೆದುಕೊಂಡರು.

ಆಮೇಲೆ ಅವನು ಇನ್ನೊಂದು ಹೇಳಿದ. ಹೇಳಬಹುದೋ ಬಾರದೋ ಅಂತ ನನ್ನನ್ನು ನೋಡಿ ಹೇಳಿದ. "ಇದು ಊರಿಗೆಲ್ಲ ಮಾಡೋ ಚಿಲ್ಲಿ. ಶಶಿಯಣ್ಣಂದು ಬೇರೆ. ಅವರು ಕಿಸೇಲಿ ಜೀರಿಗೆ ಮೆಣಸು ತರ್ತಿದ್ರು, ಎಲೇಲಿ ಸುತ್ಕಂಡು. ನಮ್ಮಮ್ಮನ ಗಿಡದ್ದು ಹಾಕು, ನಿಂದೆಲ್ಲ ಹುಲ್ಲು, ಅಂತಿದ್ರು. ನಾನು ಒಂದ್ಸಲ ತಿಂದು ಎರಡು ದಿನ ಮಾತಾಡಿಲ್ಲ."

ಅತ್ತೆ ಮಣೆಯಿಂದ ಎದ್ದರು. "ಆ ಗಿಡ ನೋಡ್ನೋಡ್ತಾ ಖಾಲಿಯಾಗ್ತಿತ್ತು. ಪಿಕಳಾರ ಹಕ್ಕಿ ತಿಂತದೆ ಅಂತ ನಾನು ಹಳೆ ಸೀರೆ ಕಟ್ಟಿದ್ದೆ. ಆ ಸೀರೆ ಕಟ್ಟಿಕೊಟ್ಟಿದ್ದೂ ಅವನೇ!"

ನಕ್ಕರು. ಸೊಂಟಕ್ಕೆ ಕೈ ಕೊಟ್ಟು ನಕ್ಕರು. ಒಂದು ವರ್ಷದ ಮೇಲೆ ಈ ಮನೆಯಲ್ಲಿ ಯಾರಾದರೂ ಜೋರಾಗಿ ನಕ್ಕಿದ್ದು ಇವತ್ತು. ದೀಪಾ ಒಳಗಿಂದ ಓಡಿ ಬಂದಳು, ಏನಾಯಿತು ಅಂತ ಹೆದರಿ.

ಅತ್ತೆ ಮನೆ ಹಿಂದೆ ಹೋದರು. ತುಂಬಾ ಹೊತ್ತು ಬರಲಿಲ್ಲ. ಬಂದಾಗ ಸೆರಗಿನ ತುದಿಯಲ್ಲಿ ಒಂದು ಮುಷ್ಟಿ ಜೀರಿಗೆ ಮೆಣಸು ಇತ್ತು, ಉಗುರಿನಷ್ಟು ಉದ್ದದ ಪುಟ್ಟ ಮೆಣಸಿನಕಾಯಿ. ನನ್ನ ಕೈಗೆ ಹಾಕಿದರು.

22 ಸೆಪ್ಟೆಂಬರ್, ಭಾನುವಾರ

ಇವತ್ತು ನಾನೇ ಮಾಡಿದೆ. ಉಬೈದ್ ಬಾಂಡ್ಲಿ ಬಿಟ್ಟುಹೋಗಿದ್ದಾನೆ. "ಗಾಡಿಗೆ ಇನ್ನೊಂದು ಉಂಟು" ಅಂದ. ಇಲ್ಲ ಅಂತ ಅಭಿಷೇಕ್ ಹೇಳುತ್ತಾನೆ. ಉಬೈದ್ ತನ್ನ ಅಮ್ಮ ಸುಗ್ರಾ ಬೀ ಅವರ ಬಿರಿಯಾನಿ ಪಾತ್ರೆಯಲ್ಲಿ ಈಗ ಗೋಬಿ ಕರಿಯುತ್ತಿದ್ದಾನಂತೆ.

ಎತ್ತಿ ಹಾರಿಸಲು ನನ್ನ ಕೈಗೆ ಬಲ ಸಾಲದು. ಸೌಟಿನಲ್ಲೇ ತಿರುವಿದೆ. ದೀಪಾ ಎರಡನೇ ಸಲ ಹಾಕಿಸಿಕೊಂಡಳು. "ಅಮ್ಮ, ಇದು ಅಪ್ಪನ ಅಂಗಿ ವಾಸ್ನೆ" ಅಂದಳು. ಅವಳಿಗೂ ಗೊತ್ತಿತ್ತಾ?

ಉಪ್ಪಿನದೇ ಚಿಂತೆ. ಅತ್ತೆಗೆ ಹೇಳಿಬಿಟ್ಟೆ — ರುಚಿ ನೋಡಬಾರದು ಅನ್ನುವುದು ಹಾಗಿರಲಿ, ನೋಡಿದರೂ ನನಗೆ ಗೊತ್ತಾಗುವುದಿಲ್ಲ ಅತ್ತೆ. ಅವರು ಹೋದ ದಿನದಿಂದ ನಾಲಿಗೆಗೆ ಏನೂ ಹತ್ತುವುದಿಲ್ಲ.

ಅತ್ತೆ ನನ್ನ ಕಡೆ ನೋಡಲಿಲ್ಲ. ಪಾತ್ರೆ ಉಜ್ಜುತ್ತಲೇ ಹೇಳಿದರು. "ಗೊತ್ತುಂಟು. ನಾನೂ ತಿಂತೀನಲ್ಲ ನಿನ್ನ ಅಡುಗೆ." ಪಾತ್ರೆ ಕವುಚಿಟ್ಟು, "ಎಡೆ ಅಡುಗೆಗೆ ನಾಲಿಗೆ ಎಂತಕ್ಕೆ? ನಾನು ಮದುವೆಯಾಗಿ ಬಂದ ವರ್ಷದಿಂದ ಮಾಡ್ತಿದೀನಿ. ಉಪ್ಪನ್ನ ಮೂಗಲ್ಲಿ ನೋಡ್ಬೇಕು."

ಸಂಜೆ ಅವರೆಕಾಳು ಬೇಯುವಾಗ ಕರೆದರು. ಉಪ್ಪು ಹಾಕುವ ಮೊದಲು ಮುಖ ಬಗ್ಗಿಸಿ ಹಬೆ ಎಳೆದುಕೊ ಅಂದರು. ಎಳೆದುಕೊಂಡೆ. "ಹಸಿ ಬಟ್ಟೆ ವಾಸ್ನೆ ಬಂತಾ?" ಬಂತು. ಉಪ್ಪು ಹಾಕಿ, ಒಂದು ಕುದಿ ಬಂದ ಮೇಲೆ ಮತ್ತೆ. "ಈಗ?" ವಾಸನೆ ಕೆಳಗೆ ಕೂತಿತ್ತು. ದುಂಡಗಾಗಿತ್ತು. ಹೇಗೆ ಬರೆಯುವುದೋ ಗೊತ್ತಿಲ್ಲ. ಗೊತ್ತಾಯಿತು ಅಷ್ಟೆ.

"ಬಂತು ಅತ್ತೆ."

"ಮತ್ತೆ? ನಾಲಿಗೆ ಮುನಿಸ್ಕಂಡ್ರೆ ಮೂಗು ಇದೆ."

29 ಸೆಪ್ಟೆಂಬರ್, ಭಾನುವಾರ

ಚಿಕ್ಕಮಾವ ಮತ್ತೆ ಬಂದರು. ಯಾರು ಯಾರನ್ನು ಕರೆಯುವುದು, ಎಷ್ಟು ಎಲೆ ಅಂತ. ಹೊರಡುವಾಗ ನನ್ನ ಅಡುಗೆಯನ್ನು ಕೇಳಿದರು. ಫಾರಂ ಕೋಳಿಯಲ್ಲಿ ಮಾಡುತ್ತೇನೆ ಅಂದೆ.

"ಎಲೆಗೆ ಫಾರಂ ಕೋಳಿಯಾ? ಸೂಜಿ ಚುಚ್ಚಿ ಬೆಳೆಸಿದ್ದನ್ನ? ನಮ್ಮಣ್ಣ ಎಲೆ ಬಿಟ್ಟು ಎದ್ದು ಹೋಗ್ತಾನೆ. ಸುಮ್ನೆ ಕಡುಬು ಸಾರು ಮಾಡು ಸಾಕು. ಶಶಿ ಅದೇ ತಿಂತಾನೆ. ಅವನೇನು ತಕರಾರಿನ ಹುಡುಗ ಅಲ್ಲ."

ತಕರಾರಿನವರಲ್ಲ, ಹೌದು. ಕೊಟ್ಟಿದ್ದನ್ನು ತಿನ್ನುತ್ತಿದ್ದರು. ಅದಕ್ಕೇ ಬೇಕಾದ್ದನ್ನು ಒಂದು ಸಲ ಕೊಡಬೇಕು ಅನ್ನಿಸುವುದು.

ಅತ್ತೆ ಲೋಟಗಳನ್ನು ನನ್ನ ಕಡೆ ಸರಿಸಿದರು. ಎದುರು ಹೇಳಿ ನನಗೆ ಅಭ್ಯಾಸವಿಲ್ಲ. ಲೋಟ ತೊಳೆಯುವಾಗ ಕೈ ಜಾರಿ ಒಂದು ಬಿತ್ತು. ಸ್ಟೀಲಿನದು. ಒಡೆಯಲಿಲ್ಲ.

2 ಅಕ್ಟೋಬರ್, ಬುಧವಾರ

ಅಭಿಷೇಕ್ ಹತ್ತಿರ ಉಬೈದ್ ಹೇಳಿ ಕಳಿಸಿದ್ದಾನೆ. ನಾಟಿ ಕೋಳಿಯಾದರೂ ಆಗುತ್ತದೆ, ಹುಂಜ ಬೇಡ, ಇನ್ನೂ ಮೊಟ್ಟೆ ಇಡದ ಹ್ಯಾಟೆ ಆಗಬೇಕು. ಅದರ ಮಾಂಸ ಎಳೆಯದು.

ಮನೆಯಲ್ಲಿ ಇರುವುದು ಒಂದೇ ಹ್ಯಾಟೆ. ಚುಕ್ಕೆಯದು. ಅತ್ತೆ ಮರಿಯಿಂದ ಸಾಕಿದ್ದು. ಇನ್ನೊಂದು ತಿಂಗಳಿಗೆ ಮೊಟ್ಟೆಗೆ ಬರುತ್ತದೆ, ಕಾವಿಗೆ ಕೂರಿಸಬೇಕು ಅಂತ ಇಟ್ಟುಕೊಂಡಿದ್ದಾರೆ. ಅಕ್ಕಿ ನುಚ್ಚು ಅದಕ್ಕೆ ಬೇರೆ. ಹೆಗಲಿನ ಮೇಲೆ ಹತ್ತಿ ಕೂರುತ್ತದೆ.

ಹೇಗೆ ಕೇಳುವುದು? ಕೇಳುವುದಿಲ್ಲ. ಕಡುಬು, ಸಾರು ಸಾಕು. ಅವರು ತಿನ್ನುತ್ತಾರೆ.

5 ಅಕ್ಟೋಬರ್, ಶನಿವಾರ. ಸಂಜೆ

ಕೋಳಿ ಗೂಡಿಗೆ ಹಾಕುವ ಹೊತ್ತಿಗೆ ಹೋದೆ. ಜಗಲಿಯ ಮೂಲೆಯಲ್ಲಿ ಮಂಕರಿ ಕವುಚಿತ್ತು. ಮೇಲೆ ಕಲ್ಲು. ಒಳಗೆ ಚುಕ್ಕೆ ಹ್ಯಾಟೆ.

ಅತ್ತೆ ಅಲ್ಲೇ ಕೂತು ಬಾಳೆಎಲೆ ಒರೆಸುತ್ತಿದ್ದರು.

"ಅತ್ತೆ, ಇದು..."

"ನಿನ್ನ ಚೈನಾಕ್ಕೆ. ಹ್ಯಾಟೆನೇ ಆಗ್ಬೇಕಂತಲ್ಲ, ಅಭಿಷೇಕ್ ಹೇಳ್ದ."

"ಕಾವಿಗೆ ಇಟ್ಟಿದ್ರಲ್ಲ."

"ಕೋಳಿ ಮತ್ತೆ ಹುಟ್ತವೆ ಮಾರಾಯ್ತಿ." ಎಲೆ ಒರೆಸುತ್ತಲೇ ಇದ್ದರು. ಒರೆಸಿದ ಎಲೆಯನ್ನೇ ಮತ್ತೆ ಒರೆಸುತ್ತಿದ್ದರು. "ಅಪರೂಪಕ್ಕೆ ನಿನ್ನ ಬಾಯಲ್ಲಿ ಒಂದು ಬೇಕು ಅಂತ ಬಂತು. ನಾನು ಕೇಳಿಸ್ಕಳ್ದೆ ಇರಕ್ಕಾಗ್ತದಾ?"

6 ಅಕ್ಟೋಬರ್, ಭಾನುವಾರ. ಅಮಾವಾಸ್ಯೆ

ಬೆಳಿಗ್ಗೆಯಿಂದ ಕೂರಲು ಆಗಲಿಲ್ಲ. ಈಗ ಎಲ್ಲರೂ ಹೋದರು. ಬಿಸಿಲು ಇನ್ನೂ ಇದೆ. ಬರೆದುಬಿಡುತ್ತೇನೆ.

ಸಾರು, ಕಡುಬು, ಹೋಳಿಗೆ, ಎಲ್ಲ ಅತ್ತೆ. ಅಂಗಳದಾಚೆ ಬಚ್ಚಲ ಒಲೆ ನನ್ನದು. ಎಡೆ ಬಡಿಸುವ ಹೊತ್ತಿಗೇ ಮಾಡಬೇಕು, ಆರಿದರೆ ಆಗುವುದಿಲ್ಲ. ತುಂಡು ಕರಿದು ಎತ್ತಿಟ್ಟೆ. ಆಗ ತಲೆ ಖಾಲಿಯಾಯಿತು. ಕಲಸುವಾಗ ಉಪ್ಪು ಹಾಕಿದ್ದೆನಾ? ಹಾಕಿದ ನೆನಪು ಇದೆ. ಆದರೆ ಅದು ಇವತ್ತಿನದೋ, ಹೋದ ಸಲದ್ದೋ? ಕೈಯಲ್ಲಿ ಉಪ್ಪು ಹಿಡಿದು ನಿಂತುಬಿಟ್ಟೆ. ಒಂದು ಚೂರು ಮುರಿದು ಬಾಯಿಗೆ ಹಾಕಿದರೆ ಮುಗಿಯಿತು. ಯಾರೂ ನೋಡುತ್ತಿರಲಿಲ್ಲ.

ಹಾಕಲಿಲ್ಲ.

ಬಾಂಡ್ಲಿ ಹೊಗೆಯಾಡಿತು. ಬೆಳ್ಳುಳ್ಳಿ, ಅತ್ತೆಯ ಜೀರಿಗೆ ಮೆಣಸು, ಈರುಳ್ಳಿ. ಕೆಮ್ಮು ಬಂತು. ಕೋಳಿ ಹಾಕಿ ಅಂಚಿಗೆ ಕಪ್ಪು ಸಾಸ್ ಬಿಟ್ಟೆ. ಮುಖ ಬಗ್ಗಿಸಿ ಹಬೆ ಎಳೆದುಕೊಂಡೆ. ಖಾರಕ್ಕೆ ಮೂಗು ಉರಿಯಿತು. ಮತ್ತೊಮ್ಮೆ ಎಳೆದೆ. ಆ ಉರಿಯ ಕೆಳಗೆ ಒಂದು ಹಸಿ ವಾಸನೆ ಇತ್ತು. ಇನ್ನೂ ಕೂತಿರಲಿಲ್ಲ. ಒಂದು ಚಿಟಿಕೆ ಹಾಕಿದೆ. ಇನ್ನೊಂದು ಸ್ವಲ್ಪ. ತಿರುವಿದೆ. ಕೂತಿತು.

ಕೂತಿತು ಅಂತ ನನಗೆ ಅನ್ನಿಸಿತು.

ಎಲೆಗೆ ಬಡಿಸುವಾಗ ಚಿಕ್ಕಮಾವ ತಡೆದರು. "ಇದೆಂತ ಅತ್ತಿಗೆ, ಕಪ್ಪಗೆ?"

ಅತ್ತೆ ಕಡುಬಿನ ಪಾತ್ರೆ ಕೆಳಗಿಟ್ಟರು. "ನಾಟಿ ಹ್ಯಾಟೆ. ಮನೆ ಒಲೆ. ಮನೆ ಮೆಣಸು. ಸೊಸೆ ಕೈ. ಯಾರೂ ಎಂಜಲು ಮಾಡಿಲ್ಲ. ಮತ್ತೆಂತ ನಿಂದು ಗುರುವಾ?"

"ನಂದೆಂತ ಇಲ್ಲ" ಅಂದರು ಚಿಕ್ಕಮಾವ.

ಅವರ ಎಲೆ ಸಾಲಿನ ಕೊನೆಯದು. ಕಡುಬು, ಸಾರು ಒಂದು ಕಡೆ. ಚಿಲ್ಲಿ ಚಿಕನ್ ಇನ್ನೊಂದು ಕಡೆ. ಎರಡೂ ಬಿಸಿ. ಧೂಪ ಹಾಕಿ, ಕೈ ಮುಗಿದು, ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಂಡೆವು. ಅವರು ಬಂದು ಉಣ್ಣುವ ತನಕ ನಾವು ಅಂಗಳದಲ್ಲಿ ನಿಲ್ಲಬೇಕು. ಮಾತಾಡಬಾರದು.

ದೀಪಾ ಸುಮ್ಮನಿರಲಿಲ್ಲ. ಅಜ್ಜಿಯ ಸೆರಗು ಎಳೆದು ಪಿಸುಗುಟ್ಟಿದಳು. "ಅಜ್ಜಿ, ಅಪ್ಪಂಗೆ ಖಾರ ಆದ್ರೆ?"

"ಚೊಂಬಲ್ಲಿ ನೀರಿಟ್ಟೀನಿ ಮಗ."

"ದೊಡ್ಡ ಚೊಂಬಾ?"

"ದೊಡ್ಡದೇ."

ನಾನು ಬಾಗಿಲನ್ನೇ ನೋಡುತ್ತಿದ್ದೆ. ವರ್ಷವೆಲ್ಲ ಅವರು ಇಲ್ಲ ಅನ್ನುವುದು ಒಂದು ಮಾತಿನ ಹಾಗಿತ್ತು. ಆ ಸ್ವಲ್ಪ ಹೊತ್ತು ಮಾತ್ರ ಒಳಗೆ ಇದ್ದಾರೆ, ಉಣ್ಣುತ್ತಿದ್ದಾರೆ, ಅವಸರ ಮಾಡಬಾರದು ಅನ್ನಿಸಿತು. ಚಿಕ್ಕಮಾವ ಬಾಗಿಲಿಗೆ ಕೈ ಹಾಕಿದಾಗ ಇನ್ನೂ ಸ್ವಲ್ಪ ಇರಲಿ ಅಂತ ಬಾಯಿಗೆ ಬಂತು. ಒಳಗಿನವರಿಗೆ ಗೊತ್ತಾಗಲಿ ಅಂತ ಚಿಕ್ಕಮಾವ ಕೆಮ್ಮಿದರು, ಬಾಗಿಲು ತೆಗೆದರು.

ಎಡೆ ಎಲೆಗಳನ್ನು ಗಂಡಸರೇ ಮೊದಲು ತಿನ್ನುವುದು. ಅವರ ಎಲೆಗೆ ಗಂಡುಮಗ ಇಲ್ಲವಲ್ಲ. "ಅಭಿಷೇಕ್ ಕೂತ್ಕಳ್ಳಲಿ" ಅಂದರು ಚಿಕ್ಕಮಾವ. ಅಭಿಷೇಕ್ ಬಗ್ಗಿ ಕೂರುತ್ತಿದ್ದ. ಅತ್ತೆ ಅವನ ಭುಜ ಹಿಡಿದು ಎಬ್ಬಿಸಿದರು.

"ನೀನು ನಿನ್ನ ತಾತನ ಎಲೆಗೆ ಹೋಗು. ಜಲಜಾ, ಬಾ ಇಲ್ಲಿ."

"ಅತ್ತಿಗೆ, ಹೆಂಗಸ್ರು..."

"ಗಂಡನ ಎಲೆ ಹೆಂಡ್ತಿ ತಿಂದ್ರೆ ಯಾವ ಹಿರೀಕರಿಗೆ ಎಂತ ಆಗ್ತದೆ? ಅವಳು ಒಂದು ವರ್ಷದಿಂದ ಸರಿಯಾಗಿ ಉಂಡಿಲ್ಲ. ಅವರಿಗೂ ಕಣ್ಣು ಉಂಟು. ಕೂತ್ಕ ಜಲಜಾ."

ಕೂತೆ. ಎಲ್ಲರೂ ನೋಡುತ್ತಿದ್ದರು. ಅವರ ಎಲೆಯಿಂದ ಒಂದು ತುಂಡು ತೆಗೆದು ಬಾಯಿಗೆ ಹಾಕಿದೆ.

ಮೊದಲು ಖಾರ. ಕಿವಿಯ ತನಕ. ಆಮೇಲೆ ಬೆಳ್ಳುಳ್ಳಿ. ಆಮೇಲೆ ಏನೋ ಒಂದು ನಾಲಿಗೆಯ ಪಕ್ಕದಲ್ಲಿ ಚುರುಕ್ಕೆಂದಿತು. ಏನು ಅಂತ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು.

"ಉಪ್ಪು ಜಾಸ್ತಿಯಾಗಿದೆ ಅತ್ತೆ" ಅಂದೆ.

ಅತ್ತೆ ನನ್ನನ್ನೇ ನೋಡಿದರು. "ಗೊತ್ತಾಯ್ತಾ?"

"ಗೊತ್ತಾಯ್ತು. ಸ್ವಲ್ಪ ಜಾಸ್ತಿ. ಕಲಸುವಾಗ್ಲೂ ಹಾಕಿದ್ದೆ ಅಂತ ಕಾಣ್ತದೆ."

"ಆಗ್ಲಿ" ಅಂದರು. ಸೆರಗಿನಿಂದ ನನ್ನ ಮುಖ ಒರೆಸಿದರು, ದೀಪಾಗೆ ಒರೆಸುವ ಹಾಗೆ, ಸ್ವಲ್ಪ ಒರಟಾಗಿ. ನಾನು ಅಳುತ್ತಿದ್ದೆ ಅಂತ ಆಗಲೇ ಗೊತ್ತಾಗಿದ್ದು.

ಚಿಕ್ಕಮಾವ ಮೂರು ಸಲ ಹಾಕಿಸಿಕೊಂಡರು. ಮೂರು ಸಲವೂ "ಇದೆಂತ ಅಡುಗೆ ಮಾರಾಯ್ತಿ" ಅಂದರು.

8 ಅಕ್ಟೋಬರ್, ಮಂಗಳವಾರ

ಸಾರಿಗೆ ಉಪ್ಪು ಸರಿಯಿತ್ತು. ದೀಪಾ ಹೇಳಿದಳು.

ಬಾಂಡ್ಲಿ ತೊಳೆದು ಎಣ್ಣೆ ಸವರಿ ಇಟ್ಟೆ. ಉಬೈದ್‌ಗೆ ವಾಪಸ್ ಕಳಿಸಬೇಕು ಅಂದೆ.

"ಅವಸರ ಎಂತದು?" ಅತ್ತೆ. "ಇನ್ನೊಂದ್ಸಲ ಯಾವಾಗ ಮಾಡ್ತಿ?"

"ಮುಂದಿನ ಮಾಲಯಕ್ಕೆ ಅತ್ತೆ."

"ಅಲ್ಲಿಗಂಟ ನಾನು ಇರ್ಬೇಕಲ್ಲ! ಈಗ ನವರಾತ್ರಿ, ಕಳೀಲಿ. ಆಮೇಲಿನ ಭಾನುವಾರ ಮಾಡು. ನಮಗೆ. ಉಬೈದನ್ನೂ ಅವನ ಅಮ್ಮನ್ನೂ ಕರಿ. ಕೋಳಿ ಅವನೇ ಕುಯ್ಸಿ ತರ್ಲಿ, ಅವರಿಗೆ ಹಂಗೇ ಆಗ್ಬೇಕಲ್ಲ." ಒಳಗೆ ಹೋದವರು ಮತ್ತೆ ಬಾಗಿಲಿಗೆ ಬಂದರು. "ರುಚಿ ನೋಡ್ಕಂಡು ಮಾಡು."

20 ಅಕ್ಟೋಬರ್, ಭಾನುವಾರ

ಕೋಳಿ ಕಲಸಿ ಇಟ್ಟಿದ್ದೇನೆ. ಉಬೈದ್ ಒಲೆಯ ಹತ್ತಿರ ಇದ್ದಾನೆ. ಸುಗ್ರಾ ಬೀ ಮತ್ತು ಅತ್ತೆ ಜಗಲಿಯಲ್ಲಿ ಮಂಡಿನೋವು ಯಾರದು ಜಾಸ್ತಿ ಅಂತ ಜಗಳವಾಡುತ್ತಿದ್ದಾರೆ. ಜೀರಿಗೆ ಮೆಣಸು ಎಷ್ಟು ಅನ್ನುವುದರ ಮೇಲೆ ಇನ್ನೊಂದು ಜಗಳ. ಸುಗ್ರಾ ಬೀ "ಎರಡು ಸಾಕು ತುಂಗಮ್ಮ" ಅನ್ನುತ್ತಾರೆ. ಅತ್ತೆ ಒಂದು ಮುಷ್ಟಿ ತಂದಿದ್ದಾರೆ.

ಬೆಳಿಗ್ಗೆ ಎದ್ದಾಗ ಹಸಿವಾಗಿತ್ತು. ಬರೆದಿಡೋಣ ಅಂತ ಕೂತೆ. ಕೂತು ಐದು ನಿಮಿಷ ಆಗಿಲ್ಲ, ಉಬೈದ್ ಕೂಗುತ್ತಿದ್ದಾನೆ — ಅತ್ತಿಗೆ, ಬಾಂಡ್ಲಿ ಕಾದಿದೆ, ಮೊದಲ ತುಂಡು ತಿಂದು ನೋಡೋರು ಯಾರು ಅಂತ. ದೀಪಾ ನಾನು ನಾನು ಅನ್ನುತ್ತಿದ್ದಾಳೆ. ಇವತ್ತು ಕೊಡುವುದಿಲ್ಲ. ಇವತ್ತು ಮೊದಲು ನಾನೇ